ಟೇಲರ್ ಬರೆದ ಜಾತಕ, ನಾನು ತೆಗೆದ ಅಧ್ಯಾಯ

ಮೂರು ವರ್ಷದಿಂದ ಒಂದು ಫ್ಯಾಂಟಸಿ ಸರಣಿ ಬರೀತಿದ್ದೀನಿ. ಹೈಸ್ಕೂಲು, ಪಿಯುಸಿ ಓದೋ ಹುಡುಗ ಹುಡುಗಿಯರಿಗೆ, ಕನ್ನಡದಲ್ಲಿ, ಒಟ್ಟು ಮೂರು ಭಾಗ. ಡ್ರ್ಯಾಗನ್ನು, ಹಿಮದ ಕೋಟೆ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ನಮ್ಮೂರು ಹುಣಸಗಿ. ಇಲ್ಲಿ ಹಿಮ ಬಿಡಿ, ಏಪ್ರಿಲ್ ಬಂತಂದ್ರೆ ನಲ್ಲಿ ನೀರೇ ಬಿಸಿ ಬರುತ್ತೆ. ಕಥೆಗೆ ಬೇಕಾದ್ದೆಲ್ಲ ಸುತ್ತಮುತ್ತಲೇ ಇದೆ. ರಾಜನಕೋಳೂರಿನ ಕಲ್ಲಿನ ಮನೆಗಳು, ಕೊಡೇಕಲ್ಲ ಬಸವಣ್ಣನ ಕಾಲಜ್ಞಾನ, ಛಾಯಾ ಭಗವತಿಯ ಹತ್ತಿರ ಬಂಡೆ ಸೀಳಿಕೊಂಡು ಇಳಿಯೋ ಕೃಷ್ಣೆ. ಇಸಾಂಪುರದಲ್ಲಿ ಸಿಕ್ಕ ಕಲ್ಲಿನ ಆಯುಧಗಳಿಗೆ ಸುಮಾರು 12 ಲಕ್ಷ ವರ್ಷ ಅಂತಾರೆ ಪುರಾತತ್ವದವರು. ಇಷ್ಟಿದ್ದ ಮೇಲೆ ಬೇರೆ ಲೋಕ ಯಾಕೆ ಬೇಕು?

ಮೊದಲ ಭಾಗದ ನಾಯಕ ಒಬ್ಬ ಬಾಲರಾಜ. 24ನೇ ವಯಸ್ಸಿಗೆ ಸಾಯ್ತಾನೆ ಅಂತ ಅವನ ಜಾತಕದಲ್ಲಿ ಬರೆದಿರುತ್ತೆ, ಅವನಿಗೆ ಮಾತ್ರ ಗೊತ್ತಿರಲ್ಲ. ಈ ಎಳೆ ನನ್ನ ಕಲ್ಪನೆ ಅಂತ ಹೆಮ್ಮೆಪಟ್ಟಿದ್ದೆ. ಆಮೇಲೆ ನೋಡಿದ್ರೆ ಅದು ಚಿಕ್ಕಂದಿನಿಂದ ಕಿವಿಗೆ ಬಿದ್ದಿದ್ದ ಸುರಪುರದ ಕಥೆ. ಅದನ್ನ ಪುಸ್ತಕಕ್ಕೆ ಇಳಿಸಿದವನು ಇಂಗ್ಲಿಷಿನವನು, ಫಿಲಿಪ್ ಮೆಡೋಸ್ ಟೇಲರ್. ಹಾಗಾಗಿ ನನ್ನ ಕಾದಂಬರಿ ಪಕ್ಕಕ್ಕಿಟ್ಟು ಅವನ ಬದುಕನ್ನ ಓದೋಕೆ ಕೂತೆ.

ಟೇಲರ್ ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲ್‌ನಲ್ಲಿ. 1824ರಲ್ಲಿ ಮುಂಬೈಗೆ ಬಂದಿಳಿದಾಗ ವಯಸ್ಸು 15. ವ್ಯಾಪಾರಿಯೊಬ್ಬನ ಹತ್ತಿರ ಗುಮಾಸ್ತನಾಗೋಕೆ ಕಳಿಸಿದ್ದರು, ಆದರೆ ಆ ವ್ಯಾಪಾರಿಯೇ ನಷ್ಟದಲ್ಲಿದ್ದ. ಹುಡುಗ ಹೈದರಾಬಾದ್ ನಿಜಾಮನ ಸೈನ್ಯ ಸೇರಿದ. ಇದು ಮುಖ್ಯ: ಅವನು ಕಂಪನಿಯ ನೌಕರನಲ್ಲ, ನಿಜಾಮನ ನೌಕರ. ಸಾಹೇಬರ ಸಾಲಿನಲ್ಲಿ ಒಂದು ಮೆಟ್ಟಿಲು ಕೆಳಗೆ. ಕಾಲೇಜಿನ ಮುಖ ನೋಡದವನು ಭಾಷೆ, ಕಾನೂನು, ಭೂಮಾಪನ, ಚಿತ್ರ ಎಲ್ಲ ತಾನೇ ಕಲಿತ. ಮದುವೆಯಾಗಿದ್ದು ಹೈದರಾಬಾದಿನ ಲೇವಾದೇವಿದಾರ ವಿಲಿಯಂ ಪಾಮರ್‌ನ ಮಗಳು ಮೇರಿಯನ್ನ. ಆಕೆಯ ಅಜ್ಜಿ ಒಬ್ಬ ಬೇಗಂ.

1839ರಲ್ಲಿ ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದಲ್ಲಿ ಬರೆದ ಅವನ ಮೊದಲ ಕಾದಂಬರಿ ಲಂಡನ್ನಿನಲ್ಲಿ ಭಾರೀ ಓಡಿತು. ರಾಣಿ ವಿಕ್ಟೋರಿಯಾ ಕೂಡ ಓದಿದಳು. ಠಕ್ಕರ ಹೆಸರಲ್ಲಿ ಹಿಂದೂಸ್ತಾನವನ್ನ ನೋಡೋ ಒಂದು ಚಾಳಿ ಇಂಗ್ಲಿಷ್ ಓದುಗರಿಗೆ ಅಂಟಿದ್ದರಲ್ಲಿ ಈ ಪುಸ್ತಕದ ಪಾಲೂ ಇದೆ.

ಸುರಪುರಕ್ಕೆ ಅವನು ಬಂದದ್ದು 1841ರಲ್ಲಿ. ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಿದ್ದ, ಮಗ ವೆಂಕಟಪ್ಪ ನಾಯಕ ಇನ್ನೂ ಸಣ್ಣವನು. ರಾಣಿ ಈಶ್ವರಮ್ಮನಿಗೂ ಮೈದುನ ಪಿಡ್ಡ ನಾಯಕನಿಗೂ ಆಡಳಿತದ ಜಗಳ, ಮೇಲೆ ನಿಜಾಮನಿಗೆ ಕಟ್ಟಬೇಕಾದ ಕಪ್ಪ, ಸಾಲ. ಸಂಸ್ಥಾನ ನೋಡಿಕೊಳ್ಳೋಕೆ ಟೇಲರ್‌ನನ್ನ ಕಳಿಸಿದರು. 12 ವರ್ಷ ಇದ್ದ. ಲೆಕ್ಕ ಸರಿ ಮಾಡಿದ, ರಸ್ತೆ ಹಾಕಿಸಿದ, ಬೋನಾಳ ಕೆರೆಯ ಕೆಲಸ ಮಾಡಿಸಿದ. ಗುಡ್ಡದ ಮೇಲೆ ಕಟ್ಟಿಸಿಕೊಂಡ ಮನೆ, ಟೇಲರ್ ಮಂಜಿಲ್, ಈಗಲೂ ಇದೆ. 1844ರಲ್ಲಿ ಮೇರಿ ತೀರಿಕೊಂಡಳು, ಆಮೇಲೆ ಅವನು ಒಂಟಿ. ಬಾಲರಾಜ ಅವನನ್ನ ಅಪ್ಪಾ ಅಂತಲೇ ಕರೀತಿದ್ದ. ಅದು ಸುಳ್ಳು ಪ್ರೀತಿ ಅಂತ ನನಗನಿಸಲ್ಲ. ಪ್ರೀತಿ ನಿಜ, ಅಧಿಕಾರವೂ ನಿಜ. ಕಷ್ಟ ಇರೋದೇ ಅಲ್ಲಿ.

ನಮ್ಮ ರಾಜನಕೋಳೂರಿನ ಕಲ್ಲುಗಳನ್ನ ಅಳೆದು, ಅಗೆದು, ಚಿತ್ರ ಬರೆದು ಮುಂಬೈಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಗೆ ಕೊಟ್ಟದ್ದು ಇದೇ ಕಾಲದಲ್ಲಿ. ಜನ ಇವನ್ನ ಮೋರ್ಯರ ಮನೆ ಅಂತ ಕರೀತಾರೆ, ಮೋರ್ಯರು ಮೂರಡಿ ಎತ್ತರದವರು, ಆದರೆ ದೈತ್ಯರ ಬಲದವರು ಅಂತ ನಂಬ್ತಾರೆ ಅನ್ನೋದನ್ನೂ ದಾಖಲಿಸಿದ. ನನ್ನ ಸರಣಿಗೆ ಇದಕ್ಕಿಂತ ದೊಡ್ಡ ಕಾಣಿಕೆ ಬೇಕಾ? ಆದರೆ ಟೇಲರ್ ಇವುಗಳಿಗೆ ಇಟ್ಟ ಹೆಸರು ನೋಡಿ: ಸಿಥಿಯನ್-ಡ್ರೂಯಿಡ್ ಅವಶೇಷ. ಬ್ರಿಟನ್ನಿನ, ಮಧ್ಯ ಏಷ್ಯಾದ ಯಾರೋ ಜನಾಂಗದ ನೆಂಟಸ್ತಿಕೆ. ಊರವರು ಕುಳ್ಳ ದೈತ್ಯರಿಗೆ ಕೊಟ್ಟರು, ಸಾಹೇಬ ಸಿಥಿಯನ್ನರಿಗೆ ಕೊಟ್ಟ. ಇಲ್ಲೇ ಉತ್ತು ಬಿತ್ತು ಸತ್ತ ಮಾಮೂಲಿ ಜನ ತಮ್ಮವರ ಗೋರಿಗೆ ಈ ಚಪ್ಪಡಿ ಎಳೆದು ತಂದಿರಬಹುದು ಅನ್ನೋದು ಇಬ್ಬರಿಗೂ ಹೊಳೀಲಿಲ್ಲ.

ಈಗ ಜಾತಕ. ಒಮ್ಮೆ ಕಾಯಿಲೆ ಬಿದ್ದ ಈಶ್ವರಮ್ಮ ಮಗನ ಜಾತಕದ ಗುಟ್ಟನ್ನ ಟೇಲರ್‌ಗೆ ಹೇಳಿದಳಂತೆ: 24ನೇ ವರ್ಷದಲ್ಲಿ ಸಾವು. ಇದು ಅವನ ಆತ್ಮಕಥೆಯಲ್ಲಿದೆ. 1853ರಲ್ಲಿ ಆಡಳಿತ ಯುವರಾಜನ ಕೈಗೆ ಹೋಯಿತು, ಟೇಲರ್ ನಳದುರ್ಗದ ಕಡೆ ಹೋದ. 1857 ಬಂತು. ಆ ನವೆಂಬರಿನಲ್ಲಿ ಹಲಗಲಿಯ ಬೇಡರು ಆಯುಧ ಕಿತ್ತುಕೊಳ್ಳೋ ಕಾನೂನಿನ ವಿರುದ್ಧ ತಿರುಗಿಬಿದ್ದರು. ಸುರಪುರದ ಮೇಲೂ ಕಂಪನಿಗೆ ಅನುಮಾನ, ಕ್ಯಾಪ್ಟನ್ ಕ್ಯಾಂಪ್‌ಬೆಲ್‌ನನ್ನ ಕಳಿಸಿತು. 1858ರ ಫೆಬ್ರವರಿಯಲ್ಲಿ ಕಾಳಗವೇ ನಡೆದು ಕ್ಯಾಪ್ಟನ್ ನ್ಯೂಬೆರಿ ಸತ್ತ. ವೆಂಕಟಪ್ಪ ನಾಯಕ ಹೈದರಾಬಾದಿನಲ್ಲಿ ಸಿಕ್ಕಿಬಿದ್ದ. ಸೆರೆಮನೆಯಲ್ಲಿ ಟೇಲರ್ ಅವನನ್ನ ನೋಡಿದ. ಮರಣದಂಡನೆ ಕೊನೆಗೆ ನಾಲ್ಕು ವರ್ಷದ ಸೆರೆಗೆ ಇಳೀತು. ಚೆಂಗಲ್ಪಟ್ಟು ಕೋಟೆಗೆ ಒಯ್ಯೋ ದಾರಿಯಲ್ಲಿ ರಾಜ ಗುಂಡೇಟಿಗೆ ಸತ್ತ. ತಾನೇ ಹೊಡೆದುಕೊಂಡ ಅಂತ ಟೇಲರ್ ಬರೆದ. ನಮ್ಮ ಕಡೆ ಅದನ್ನ ನಂಬದವರು ಬಹಳ ಮಂದಿ. ನಾಲ್ಕೇ ವರ್ಷದ ಸೆರೆಗೆ ಯಾವ ರಾಜ ಹಾಗೆ ಮಾಡ್ತಾನೆ ಅನ್ನೋದು ಅವರ ವಾದ. ನನಗೂ ಅದು ಒಪ್ಪಬಹುದಾದ ವಾದ ಅನಿಸುತ್ತೆ.

1860ರಲ್ಲಿ ಸುರಪುರವನ್ನ ಬ್ರಿಟಿಷರು ನಿಜಾಮನಿಗೆ ಕೊಟ್ಟರು. ಸಂಸ್ಥಾನ ಮುಗೀತು. ಟೇಲರ್ ಆತ್ಮಕಥೆ ಬರೆಯೋ ಹೊತ್ತಿಗೆ ಇದೆಲ್ಲದಕ್ಕೂ ಒಂದು ಹೊದಿಕೆ ಸಿಕ್ಕಿತ್ತು: ಜಾತಕ ನಿಜವಾಯಿತು. ಕಪ್ಪ ಕೇಳಿದವನು, ಸೈನ್ಯ ಕಳಿಸಿದವನು, ಪಿಸ್ತೂಲು ರಾಜನ ಕೈಗೆಟುಕೋ ಹಾಗೆ ಇಟ್ಟವನು, ಎಲ್ಲರೂ ಒಂದೇ ಏಟಿಗೆ ನಿರಪರಾಧಿಗಳು. ವಿಧಿಯ ಮೇಲೆ ಎಫ್‌ಐಆರ್ ಹಾಕೋಕಾಗಲ್ಲವಲ್ಲ.

ಅದೇ ವರ್ಷ ಆರೋಗ್ಯ ಕೆಟ್ಟು ಊರಿಗೆ ಹೋದ ಟೇಲರ್, ಐರ್ಲೆಂಡಿನಲ್ಲಿ ಕೂತು ಒಂದು ಸರಣಿಯನ್ನೇ ಬರೆದ. ತಾರಾ, 1863. ರಾಲ್ಫ್ ಡಾರ್ನೆಲ್, 1865. ಸೀತಾ, 1872. ಕಥೆಯ ಕಾಲ ಕ್ರಮವಾಗಿ 1657, 1757, 1857. ನೂರು ನೂರು ವರ್ಷದ ಅಂತರ, ನಡುವೆ ಪ್ಲಾಸಿ. ಪ್ಲಾಸಿಯಾಗಿ ನೂರು ವರ್ಷಕ್ಕೆ ಕಂಪನಿ ಮುಳುಗುತ್ತೆ ಅಂತ 1857ರಲ್ಲಿ ಎಲ್ಲೆಡೆ ಓಡಾಡಿದ ಭವಿಷ್ಯವಾಣಿಯ ನೆರಳು ಈ ಲೆಕ್ಕದ ಮೇಲಿದೆ. ನ್ಯಾಯವಾಗಿ ಹೇಳಬೇಕಂದ್ರೆ, ಆ ಕಾಲದ ಇಂಗ್ಲಿಷರಲ್ಲಿ ಹಿಂದೂ, ಮುಸ್ಲಿಂ ಪಾತ್ರಗಳಿಗೆ ಇಷ್ಟು ಮನಸ್ಸು ಕೊಟ್ಟವರು ಕಡಿಮೆ. ಕೊನೆಯ ಕಾದಂಬರಿಯಲ್ಲಿ, ಅದು ಚಾಂದಬೀಬಿಯ ಕಥೆ, ನಮ್ಮ ಜಲದುರ್ಗವೂ ಬರುತ್ತೆ, ಒಬ್ಬ ಬೇಡ ನಾಯಕನೂ ಬರ್ತಾನೆ. ಆದರೆ ಸೀತಾ ಕಾದಂಬರಿಯ ಸೀತಾ ಇಂಗ್ಲಿಷ್ ಗಂಡನ ಪ್ರಾಣ ಉಳಿಸೋಕೆ ತಾನು ಅಡ್ಡ ಬಂದು ಸಾಯ್ತಾಳೆ. ಆಮೇಲೆ ಅವನು ಇಂಗ್ಲಿಷ್ ಹುಡುಗಿಯನ್ನ ಮದುವೆಯಾಗ್ತಾನೆ. ಪ್ರೀತಿ ಇದೆ, ಜಾಗ ಇಲ್ಲ.

ಕೊನೆಗಾಲದಲ್ಲಿ ಟೇಲರ್‌ನ ಕಣ್ಣು ಹೋಯಿತು. ಆದರೂ 1875ರಲ್ಲಿ ಮತ್ತೆ ಹಿಂದೂಸ್ತಾನಕ್ಕೆ ಬಂದ, ಜ್ವರ ಹಿಡಿದು ವಾಪಸಾಗುವಾಗ 1876ರ ಮೇ ತಿಂಗಳಲ್ಲಿ ಫ್ರಾನ್ಸಿನ ಮೆಂಟನ್‌ನಲ್ಲಿ ಸತ್ತ. ಆತ್ಮಕಥೆ ಮರುವರ್ಷ ಮಗಳ ಕೈಯಿಂದ ಹೊರಬಂತು.

ನನ್ನ ಮೊದಲ ಭಾಗವನ್ನ ಓದಿದ್ದ ಅಕ್ಕನ ಮಗ, ಒಂಬತ್ತನೇ ಕ್ಲಾಸು, ಒಂದೇ ಪ್ರಶ್ನೆ ಕೇಳಿದ್ದ: ಸಾಯೋದು ಮೊದಲೇ ಬರೆದಿದ್ರೆ ರಾಜ ಯಾಕೆ ಯುದ್ಧ ಮಾಡ್ತಾನೆ ಮಾವ? ಆಗ ಉತ್ತರ ಇರಲಿಲ್ಲ. ಟೇಲರ್‌ನನ್ನ ಓದಿ ಮುಗಿಸಿದ ವಾರ ಜಾತಕದ ಅಧ್ಯಾಯ ತೆಗೆದೆ, 40 ಪುಟ. ಈಗ ಆ ಜಾಗದಲ್ಲಿ ಬಾಲರಾಜ ರಾತ್ರಿ ಕದ್ದು ಅರಮನೆಯ ಲೆಕ್ಕದ ಪುಸ್ತಕ ತೆಗೀತಾನೆ, ಯಾರಿಗೆ ಎಷ್ಟು ಕಟ್ಟಿದೀವಿ ಅಂತ ಓದ್ತಾನೆ. ಜಾದೂ ಕಡಿಮೆಯಾಯಿತಾ ಅನ್ನೋ ಅಳುಕು ಇದೆ. ಮೋರ್ಯರನ್ನಂತೂ ಬಿಟ್ಟಿಲ್ಲ. ಹೋದ ಭಾನುವಾರ ಹುಡುಗನನ್ನ ಬೈಕಿನ ಹಿಂದೆ ಕೂರಿಸ್ಕೊಂಡು ರಾಜನಕೋಳೂರಿಗೆ ಹೋಗಿದ್ದೆ. ಟೇಪ್ ಹಿಡಿದು ಒಂದು ಚಪ್ಪಡಿ ಅಳೆಯೋಷ್ಟರಲ್ಲಿ ಅವನು ಒಳಗೆ ನುಗ್ಗಿ ಕೂತಿದ್ದ. ಮೂರಡಿಯವರಿಗೆ ಇಷ್ಟು ದೊಡ್ಡ ಮನೆ ಯಾಕೆ ಬೇಕಿತ್ತು ಅನ್ನೋದು ಅವನ ಹೊಸ ತಕರಾರು.