ಎಡ್ ಮ್ಯಾಕ್‌ಗಿವರ್ನ್: ಬೆರಳು ಮತ್ತು ಸ್ಪ್ರಿಂಗಿನ ಓಟ

ಅಮೆರಿಕದ ದಕ್ಷಿಣ ಡಕೋಟಾ ರಾಜ್ಯದ ಲೀಡ್ ಕ್ಲಬ್ಬಿನ ಮೈದಾನದಲ್ಲಿ 1932ರ ಆಗಸ್ಟ್ 20ರಂದು 57 ವರ್ಷದ ಗಿಡ್ಡ, ಸ್ಥೂಲಕಾಯದ ವ್ಯಕ್ತಿಯೊಬ್ಬರು 15 ಅಡಿ ದೂರದ ಗುರಿಯತ್ತ ರಿವಾಲ್ವರ್ ಹಿಡಿದು ನಿಂತರು. ಐದು ಗುಂಡುಗಳು 0.45 ಸೆಕೆಂಡಿನಲ್ಲಿ ಹೊರಬಿದ್ದವು. ಐದೂ ತೂತುಗಳನ್ನು ಅರ್ಧ ಡಾಲರಿನ ಬೆಳ್ಳಿ ನಾಣ್ಯವೊಂದರಿಂದ ಮುಚ್ಚಬಹುದಾಗಿತ್ತು. ಇದನ್ನು ಅವರು ಎರಡು ಬಾರಿ ಸಾಧಿಸಿದರು. ಗಿನ್ನೆಸ್ ದಾಖಲೆ ಪುಸ್ತಕ ಅದಕ್ಕೆ ಸ್ಥಾನ ಕೊಟ್ಟಿತು.

ಅವರೇ ಎಡ್ ಮ್ಯಾಕ್‌ಗಿವರ್ನ್. 1874ರಲ್ಲಿ ನೆಬ್ರಾಸ್ಕಾದ ಒಮಾಹಾ ನಗರದಲ್ಲಿ ಜನಿಸಿದ ಅವರು ನೆಲೆಸಿದ್ದು ಮೊಂಟಾನಾ ರಾಜ್ಯದ ಲೂಯಿಸ್‌ಟೌನ್‌ನಲ್ಲಿ. ಹೊಟ್ಟೆಪಾಡಿಗೆ ಅಂಗಡಿ ಫಲಕಗಳನ್ನು ಬರೆಯುತ್ತಿದ್ದರು. ಕುಂಚ ಹಿಡಿದ ಕೈ ನಡುಗಬಾರದು ಎಂಬ ಶಿಸ್ತು ರಿವಾಲ್ವರಿಗೂ ಒದಗಿತೆಂದು ಊಹಿಸುವುದು ಕಷ್ಟವಲ್ಲ. ಗಾಳಿಯಲ್ಲಿ ಎಸೆದ ನಾಣ್ಯ, ಅಂಚು ತೋರಿಸಿ ನಿಲ್ಲಿಸಿದ ಇಸ್ಪೀಟೆಲೆ ಅವರ ಗುರಿಗಳಾಗಿದ್ದವು. ಬರೀ ಬಾಯಿಮಾತಿನ ಹೆಗ್ಗಳಿಕೆ ಅವರಿಗೆ ಒಗ್ಗುತ್ತಿರಲಿಲ್ಲ. ವಿದ್ಯುತ್ ಗಡಿಯಾರಗಳಿಂದ ಕಾಲವನ್ನು ಅಳೆಯುತ್ತಿದ್ದರು.

ಅವರ ಮೆಚ್ಚಿನ ಆಯುಧ ಸ್ಮಿತ್ ಅಂಡ್ ವೆಸನ್ ಕಂಪೆನಿಯ ಡಬಲ್ ಆಕ್ಷನ್ ರಿವಾಲ್ವರ್. ಹ್ಯಾಮರನ್ನು ಮೊದಲೇ ಹೆಬ್ಬೆರಳಿನಿಂದ ಹಿಂದಕ್ಕೆಳೆದು ಗುಂಡು ಹಾರಿಸಿದರೆ ಟ್ರಿಗರ್ ಹಗುರ; ಗುರಿಕಾರರಲ್ಲಿ ಬಹುಪಾಲು ಜನ ಆಗ ಹಾಗೆಯೇ ಮಾಡುತ್ತಿದ್ದರು. ಡಬಲ್ ಆಕ್ಷನ್‌ನಲ್ಲಾದರೋ ಹ್ಯಾಮರನ್ನು ಎಳೆಯುವುದು, ಸಿಲಿಂಡರನ್ನು ತಿರುಗಿಸುವುದು, ಹ್ಯಾಮರನ್ನು ಬಿಡುವುದು ಎಲ್ಲವೂ ತೋರುಬೆರಳೊಂದರದೇ ಕೆಲಸ. ಬೆರಳಿನ ಮೇಲೆ ಬೀಳುವ ಭಾರ ಸುಮಾರು ಐದು ಕಿಲೋ.

ಈ ಭಾರವನ್ನು ಇಳಿಸಲು ಸ್ಪ್ರಿಂಗ್ ಬದಲಿಸುವುದು ರಿವಾಲ್ವರ್ ಪ್ರಿಯರ ಹಳೆಯ ಚಾಳಿ. ಹಿಡಿಯೊಳಗಿನ ಪಟ್ಟಿ ಸ್ಪ್ರಿಂಗ್ ಹ್ಯಾಮರಿಗೆ ಬಲ ಕೊಡುತ್ತದೆ. ಇನ್ನೊಂದು ಸುರುಳಿ ಸ್ಪ್ರಿಂಗ್ ಟ್ರಿಗರನ್ನು ಮುಂದಕ್ಕೆ ತಳ್ಳುತ್ತದೆ. ಎರಡನ್ನೂ ಮೃದುಗೊಳಿಸಿದರೆ ಬೆರಳಿಗೆ ಸುಖ. ಆದರೆ ಮೊದಲನೆಯದು ಸೊರಗಿದರೆ ಹ್ಯಾಮರಿನ ಪೆಟ್ಟು ಮೆತ್ತಗಾಗಿ ತೋಟಾ ಸಿಡಿಯದೇ ಹೋಗಬಹುದು. ಎರಡನೆಯದು ಸೊರಗಿದರೆ ಟ್ರಿಗರ್ ಹಿಂತಿರುಗುವುದು ತಡವಾಗುತ್ತದೆ.

ಮ್ಯಾಕ್‌ಗಿವರ್ನ್ ಸಾಧನೆಯ ಲೆಕ್ಕ ನೋಡಿದರೆ ಈ ಎರಡನೆಯ ಮಾತಿನ ತೂಕ ತಿಳಿಯುತ್ತದೆ. ಐದು ಗುಂಡುಗಳ ನಡುವೆ ನಾಲ್ಕು ಅಂತರಗಳು. ಪ್ರತಿಯೊಂದಕ್ಕೂ ಸಿಗುವುದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲ. ಅಷ್ಟರಲ್ಲೇ ಟ್ರಿಗರ್ ಪೂರ್ತಿ ಮುಂದೆ ಬರಬೇಕು, ಬೆರಳು ಮತ್ತೆ ಪೂರ್ತಿ ಎಳೆಯಬೇಕು. ಎಳೆಯುವುದು ಮನುಷ್ಯನ ಸ್ನಾಯು, ಹಿಂದಿರುಗಿಸುವುದು ಉಕ್ಕಿನ ಸುರುಳಿ. ಸ್ಪ್ರಿಂಗ್ ಸೋತರೆ ಎಂಥ ಚುರುಕು ಬೆರಳೂ ಅಲ್ಲೇ ಕಾಯಬೇಕಾಗುತ್ತದೆ. ಉಜ್ಜುವ ಭಾಗಗಳನ್ನು ನುಣುಪುಗೊಳಿಸಿದರೆ ಬಲ ಕುಂದದೆಯೂ ಎಳೆತ ಸಲೀಸಾಗುತ್ತದೆ; ಉಳಿದದ್ದು ಅಭ್ಯಾಸ.

ಹಾಗೆಂದು ಇದು ಬರೀ ಪ್ರದರ್ಶನದ ವಿಷಯವಾಗಿರಲಿಲ್ಲ. ಮ್ಯಾಕ್‌ಗಿವರ್ನ್ ಪೊಲೀಸರಿಗೂ ತರಬೇತಿ ಕೊಟ್ಟರು. ಮೈದಾನದಲ್ಲಿ ಸಿಡಿಯದ ತೋಟಾದಿಂದ ಹೋಗುವುದು ಒಂದು ಅಂಕ. ಕತ್ತಲ ಬೀದಿಯಲ್ಲಿ ಶಸ್ತ್ರಧಾರಿಯನ್ನು ಎದುರಿಸಿದ ಪೇದೆಗೆ ಹೋಗುವುದು ಪ್ರಾಣ. 1938ರಲ್ಲಿ ಪ್ರಕಟವಾದ ಅವರ ‘ಫಾಸ್ಟ್ ಅಂಡ್ ಫ್ಯಾನ್ಸಿ ರಿವಾಲ್ವರ್ ಶೂಟಿಂಗ್’ ಗ್ರಂಥದಲ್ಲಿ ಪೊಲೀಸ್ ತರಬೇತಿಗೂ ಜಾಗವಿದೆ. 1935ರಲ್ಲಿ ಬಂದ .357 ಮ್ಯಾಗ್ನಮ್ ರಿವಾಲ್ವರನ್ನು ಹಿಡಿದು ಅವರು 600 ಗಜದಷ್ಟು ದೂರದ ಗುರಿಗಳನ್ನೂ ಪರೀಕ್ಷಿಸಿದರು.

ಕೊನೆಗಾಲದಲ್ಲಿ ಸಂಧಿವಾತ ಆ ಕೈಗಳನ್ನೇ ಹಿಡಿದುಕೊಂಡಿತು. 1957ರ ಡಿಸೆಂಬರಿನಲ್ಲಿ ಅವರು ನಿಧನರಾದರು. 1999ರಲ್ಲಿ ಲೂಯಿಸಿಯಾನಾದ ಜೆರ್ರಿ ಮಿಕುಲೆಕ್ ಒಂದು ಸೆಕೆಂಡಿನಲ್ಲಿ ಎಂಟು ಗುಂಡು ಹಾರಿಸಿ ಹೊಸ ದಾಖಲೆ ಬರೆದರು. ಅವರ ಕೈಯಲ್ಲಿದ್ದದ್ದೂ ಸ್ಮಿತ್ ಅಂಡ್ ವೆಸನ್ ಡಬಲ್ ಆಕ್ಷನ್ ರಿವಾಲ್ವರೇ.