ಹಳಿಯ ಸದ್ದಿನ ಕಥೆ ಬಿಡಿ, ವಿಶ್ವೇಶ್ವರಯ್ಯನವರ ನಿಜವಾದ ಕೆಲಸ ನೋಡಿ

ಸೆಪ್ಟೆಂಬರ್ 15 ಹತ್ತಿರ ಬಂತೆಂದರೆ ಸಾಕು, ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಕಥೆ ಓಡಾಡುತ್ತದೆ. ರಾತ್ರಿ ರೈಲು, ಮೂಲೆಯಲ್ಲಿ ಕೂತಿದ್ದ ಮನುಷ್ಯ ಇದ್ದಕ್ಕಿದ್ದಂತೆ ಚೈನ್ ಎಳೆಯುತ್ತಾನೆ. ನೋಡಿದರೆ ಮುಂದೆ ಹಳಿ ಮುರಿದಿದೆ! ಸದ್ದು ಕೇಳಿಯೇ ಅದನ್ನು ಪತ್ತೆ ಹಚ್ಚಿದವರು ಸರ್ ಎಂ. ವಿಶ್ವೇಶ್ವರಯ್ಯ.

ನಮಗೆ ಬಂದ ಫಾರ್ವರ್ಡುಗಳಲ್ಲಿ ಇಸವಿ ಇಲ್ಲ, ರೈಲಿನ ಹೆಸರಿಲ್ಲ. ನಿಜವೆಂದು ನಂಬಲು ಅಷ್ಟು ಸಾಲದು. ಅದಕ್ಕಿಂತ ನಮಗಿರುವ ಬೇಸರ ಬೇರೆ. ಇದನ್ನು ಓದಿದ ಪಿಯುಸಿ ಹುಡುಗಿಗೆ ಇಂಜಿನಿಯರ್ ಎಂದರೆ ದೇವರು ಕೊಟ್ಟ ಕಿವಿ ಇರುವವರು ಅನ್ನಿಸುತ್ತದೆ. ಸಿವಿಲ್ ಇಂಜಿನಿಯರ್ ದಿನವಿಡೀ ಏನು ಮಾಡುತ್ತಾರೆ ಎಂಬುದು ಗೊತ್ತಾಗುವುದೇ ಇಲ್ಲ.

ಮುದ್ದೇನಹಳ್ಳಿಯ ಈ ಹುಡುಗ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಮಕ್ಕಳಿಗೆ ಮನೆಪಾಠ ಹೇಳಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. 1881ರಲ್ಲಿ ಪಡೆದದ್ದು ಬಿ.ಎ. ಪದವಿ, ಹೌದು, ಬಿ.ಎ.! ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಪುಣೆಗೆ ಹೋದರು. ಅಲ್ಲಿ ಸಿವಿಲ್ ಇಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು.

ಇಲಾಖೆ ಕೊಟ್ಟಿದ್ದು ಕಾಲುವೆ, ಪೈಪು, ಚರಂಡಿಯ ಕೆಲಸ. ಈಗ ಪಾಕಿಸ್ತಾನದಲ್ಲಿರುವ ಸಕ್ಕರ್ ಊರಿಗೆ ಕುಡಿಯುವ ನೀರು ಕೊಡಬೇಕಿತ್ತು. ಸಿಂಧೂ ನದಿ ಪಕ್ಕದಲ್ಲೇ ಇದ್ದರೂ ನೀರು ಕೆಸರು. ಶೋಧಕ ತೊಟ್ಟಿಗಳನ್ನು ಕಟ್ಟಲು ಪುರಸಭೆಯ ಬಳಿ ಹಣವಿಲ್ಲ. ಆಗ ಅವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಮರಳಿನ ಮೂಲಕ ಜಿನುಗುವಾಗ ನೀರು ತಾನಾಗಿಯೇ ಸೋಸಿ ಬರುತ್ತದೆ. ಬೇಸಿಗೆಯಲ್ಲಿ ಹೊಳೆಯ ಮರಳಲ್ಲಿ ವರತೆ ತೋಡುವುದು ನಮ್ಮ ಹಳ್ಳಿಗಳಲ್ಲೂ ಗೊತ್ತು. ಊರಿಗೆಲ್ಲ ಸಾಲುವಷ್ಟು ನೀರು ಬರುವಂತೆ ಅದನ್ನು ಲೆಕ್ಕ ಹಾಕಿ ಮಾಡುವುದು ಇಂಜಿನಿಯರಿಂಗ್.

ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಸಮಸ್ಯೆ ಇನ್ನೊಂದು. ನೀರು ಹೆಚ್ಚು ಬೇಕು, ಆದರೆ ಹಳೆಯ ಅಣೆಕಟ್ಟನ್ನು ಎತ್ತರಿಸುವುದು ಅಪಾಯ. ಕೋಡಿಯ ಮೇಲೆ ಅವರು ಸ್ವಯಂಚಾಲಿತ ಗೇಟುಗಳನ್ನು ಕೂರಿಸಿದರು. ನೀರು ಪೂರ್ಣ ಮಟ್ಟ ಮುಟ್ಟಿದಾಗ ಆ ಏರಿಕೆಯೇ ತೂಕದ ಸಮತೋಲನ ಬದಲಿಸಿ ಗೇಟು ಎತ್ತುತ್ತದೆ. ಇಳಿದಾಗ ಗೇಟು ಮುಚ್ಚುತ್ತದೆ. ಪ್ರವಾಹದ ನಡುರಾತ್ರಿ ಚಕ್ರ ತಿರುಗಿಸಲು ಯಾರೂ ಓಡಬೇಕಿಲ್ಲ.

ನಮ್ಮನ್ನು ಕೇಳಿದರೆ ಅವರ ಅತಿ ದೊಡ್ಡ ಪಾಠ ಹೈದರಾಬಾದಿನಲ್ಲಿದೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ನಗರವನ್ನು ಉಳಿಸಲು ದಡಕ್ಕೆ ಗೋಡೆ ಕಟ್ಟಿದರೆ ಸಾಕೇ? ವಿಶ್ವೇಶ್ವರಯ್ಯ ನದಿಯ ಮೇಲ್ಭಾಗವನ್ನು ನೋಡಿದರು. ಮಳೆಯ ಅಂಕಿ ತೆಗೆದರು. ಮೇಲಿನ ಇನ್ನೂರಕ್ಕೂ ಹೆಚ್ಚು ಕೆರೆಗಳು ಒಡೆದಿದ್ದವು. ನೀರನ್ನು ನಗರಕ್ಕೆ ಬರುವ ಮೊದಲೇ ತಡೆಯಬೇಕೆಂದು ಜಲಾಶಯಗಳನ್ನು ಸೂಚಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಹುಟ್ಟಿದ್ದು ಹೀಗೆ. (ಮಳೆ ಬಂದಾಗಲೆಲ್ಲ ಮುಳುಗುವ ನಮ್ಮ ಬಡಾವಣೆಗಳಲ್ಲಿ ಮೇಲಿನ ಕೆರೆ ಏನಾಯಿತು ಎಂದು ಯಾರು ಕೇಳುತ್ತಾರೆ?)

ಕೆಆರ್‌ಎಸ್ ವಿಷಯಕ್ಕೆ ಬಂದರೆ, ಅದನ್ನು ಒಬ್ಬರೇ ಕಟ್ಟಿದರು ಎನ್ನುವ ಫಾರ್ವರ್ಡುಗಳೂ ಇವೆ. ಮೈಸೂರಿನ ಮುಖ್ಯ ಇಂಜಿನಿಯರಾಗಿ ಅವರು ಯೋಜನೆ ರೂಪಿಸಿದ್ದು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1911ರಲ್ಲಿ ಕೆಲಸ ಶುರುವಾದದ್ದು ನಿಜ. ಕಟ್ಟೆ ಮುಗಿಯುವಷ್ಟರಲ್ಲಿ ಎರಡು ದಶಕ ಕಳೆದಿತ್ತು. 1912ರಲ್ಲಿ ದಿವಾನರಾಗಿದ್ದ ಅವರು 1918ರಲ್ಲೇ ಆ ಹುದ್ದೆ ಬಿಟ್ಟಿದ್ದರು. ಸುಣ್ಣ, ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲಿ ಕಲ್ಲು ಕೂರಿಸಿದ ಸಾವಿರಾರು ಕೂಲಿಗಳು, ಅನೇಕ ಇಂಜಿನಿಯರುಗಳು ಇಲ್ಲದೆ 124.80 ಅಡಿ ನೀರು ನಿಲ್ಲುತ್ತಿರಲಿಲ್ಲ.

ದಿವಾನಗಿರಿ ಬಿಟ್ಟ ಕಾರಣವನ್ನು ಫಾರ್ವರ್ಡುಗಳು ಹೇಳುವುದಿಲ್ಲ. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರಿಗೆ ಹೆಚ್ಚು ಪಾಲು ಕೊಡಬೇಕೆಂಬ ಮಹಾರಾಜರ ನಿಲುವನ್ನು ಅವರು ಒಪ್ಪಲಿಲ್ಲ. ಇಂದು ಅನೇಕರಿಗೆ ಅವರ ನಿಲುವು ತಪ್ಪೆನ್ನಿಸುತ್ತದೆ, ನಮಗೂ ಕೂಡ.

1955ರಲ್ಲಿ ಭಾರತ ರತ್ನ ಬಂತು, 1962ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಇಂಜಿನಿಯರಿಂಗ್ ಓದಲು ತಾವು ಪುಣೆಗೆ ಹೋಗಬೇಕಾಗಿ ಬಂದಿದ್ದ ಅವರು ದಿವಾನರಾಗಿದ್ದಾಗಲೇ, 1917ರಲ್ಲಿ, ಬೆಂಗಳೂರಿನಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ತೆರೆಯಿತು. ಇಂದಿನ ಯುವಿಸಿಇ ಅದೇ. ಅಲ್ಲಿ ಸಿವಿಲ್ ವಿಭಾಗ ಈಗಲೂ ಇದೆ.