ಬ್ರೇಕ್ ಪೆಡಲಿನ ನಾಡಿ ಬಲ್ಲ ಫ್ರೆಡ್ ಡ್ಯೂಸೆನ್‌ಬರ್ಗ್

ಕಾರು ಎಷ್ಟು ವೇಗವಾಗಿ ಓಡುತ್ತದೆ ಎಂಬುದೇ ಹೆಗ್ಗಳಿಕೆಯಾಗಿದ್ದ ಕಾಲದಲ್ಲಿ, ಅದು ಎಷ್ಟು ಬೇಗ ಮತ್ತು ಎಷ್ಟು ನೇರವಾಗಿ ನಿಲ್ಲುತ್ತದೆ ಎಂಬುದಕ್ಕೂ ಅಷ್ಟೇ ಮಹತ್ವ ನೀಡಿದ ತಂತ್ರಜ್ಞ ಫ್ರೆಡ್ ಡ್ಯೂಸೆನ್‌ಬರ್ಗ್. ಅಮೆರಿಕದ ಐಷಾರಾಮಿ ಕಾರುಗಳ ಇತಿಹಾಸದಲ್ಲಿ ಅವರ ಹೆಸರು ಎಂಜಿನ್ನಿನ ಶಕ್ತಿಗಾಗಿ ಪ್ರಸಿದ್ಧ. ಆದರೆ ಇಂದಿನ ಪ್ರತಿಯೊಬ್ಬ ಚಾಲಕನೂ ಅವರಿಗೆ ಋಣಿಯಾಗಿರುವುದು ಪಾದದ ಕೆಳಗಿನ ಒಂದು ಸಣ್ಣ ಪೆಡಲಿನ ವಿಷಯದಲ್ಲಿ.

ಫ್ರೆಡ್ ಜನಿಸಿದ್ದು 1876ರ ಡಿಸೆಂಬರ್ 6ರಂದು, ಜರ್ಮನಿಯ ಲಿಪ್ಪೆ ಪ್ರಾಂತ್ಯದಲ್ಲಿ. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ಅವರು 1880ರ ದಶಕದಲ್ಲಿ ಕುಟುಂಬದೊಡನೆ ಅಮೆರಿಕದ ಅಯೋವಾ ರಾಜ್ಯಕ್ಕೆ ಬಂದರು. ಅವರಿಗೆ ದೊಡ್ಡ ಕಾಲೇಜುಗಳ ಶಿಕ್ಷಣವಿರಲಿಲ್ಲ. ಸೈಕಲ್ ತಯಾರಿಕೆ ಮತ್ತು ಸೈಕಲ್ ಪಂದ್ಯಗಳೇ ಅವರ ಮೊದಲ ಪಾಠಶಾಲೆ. ಮೂರು ವರ್ಷ ಕಿರಿಯನಾದ ತಮ್ಮ ಆಗಸ್ಟ್ ಕೊನೆಯವರೆಗೂ ಅವರ ಬಲಗೈಯಾಗಿದ್ದರು. 1906ರಲ್ಲಿ ಡೆ ಮೊಯಿನ್ ನಗರದ ವಕೀಲ ಎಡ್ವರ್ಡ್ ಮೇಸನ್ ಅವರ ಹಣಬಲದಿಂದ ಮೇಸನ್ ಕಾರು ತಯಾರಾಯಿತು. 1913ರಲ್ಲಿ ಸೇಂಟ್ ಪಾಲ್ ನಗರದಲ್ಲಿ ಸಹೋದರರು ಸ್ವಂತ ಹೆಸರಿನ ಕಂಪನಿ ತೆರೆದು, ರೇಸ್ ಕಾರುಗಳ ಎಂಜಿನ್ನಿಗೆ ಹೆಸರಾದರು.

ಆ ದಿನಗಳ ಕಾರುಗಳಲ್ಲಿ ಬ್ರೇಕ್ ಇರುತ್ತಿದ್ದುದು ಸಾಮಾನ್ಯವಾಗಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಪೆಡಲಿನಿಂದ ಚಕ್ರದವರೆಗೆ ಕಬ್ಬಿಣದ ಸರಳುಗಳೋ ತಂತಿಗಳೋ ಬಲವನ್ನು ಸಾಗಿಸುತ್ತಿದ್ದವು. ಒಂದು ಸರಳು ಸಡಿಲವಾದರೂ, ಒಂದು ಪಟ್ಟಿ ಹೆಚ್ಚು ಸವೆದರೂ ಕಾರು ಒಂದು ಬದಿಗೆ ಎಳೆಯುತ್ತಿತ್ತು. ಪೆಡಲ್ ಆಳಕ್ಕೆ ಇಳಿಯತೊಡಗಿದರೆ ಮೆಕ್ಯಾನಿಕ್ ಕಾರಿನಡಿ ಮಲಗಿ ಒಂದೊಂದು ಚಕ್ರವನ್ನೂ ಬೇರೆ ಬೇರೆಯಾಗಿ ಬಿಗಿಗೊಳಿಸಬೇಕಿತ್ತು.

ಇದಕ್ಕೆ ಪರಿಹಾರ ದೊರೆತದ್ದು ದ್ರವದಲ್ಲಿ. ಮುಚ್ಚಿದ ಕೊಳವೆಯಲ್ಲಿರುವ ದ್ರವವನ್ನು ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಹಾಗಾಗಿ ನಾಲ್ಕು ಚಕ್ರಗಳೂ ಏಕಕಾಲಕ್ಕೆ ಹಿಡಿಯುತ್ತವೆ. ವಿಮಾನ ತಯಾರಿಕೆಯಲ್ಲಿ ಹೆಸರಾದ ಕುಟುಂಬದ ಮಾಲ್ಕಂ ಲಾಕ್‌ಹೀಡ್ ಕೂಡ ಇದೇ ತತ್ವದ ಮೇಲೆ ಕೆಲಸ ಮಾಡಿದ್ದರು. ಇಂಡಿಯಾನಾಪೊಲಿಸ್‌ಗೆ ಬಂದು ನೆಲೆಸಿದ ಫ್ರೆಡ್, 1921ರಲ್ಲಿ ಮಾರುಕಟ್ಟೆಗೆ ಬಂದ ತಮ್ಮ ‘ಮಾಡೆಲ್ ಎ’ ಕಾರಿನಲ್ಲಿ ನಾಲ್ಕೂ ಚಕ್ರಗಳಿಗೆ ಹೈಡ್ರಾಲಿಕ್ ಬ್ರೇಕ್ ಅಳವಡಿಸಿದರು. ಅಮೆರಿಕದ ಪ್ರಯಾಣಿಕ ಕಾರಿನಲ್ಲಿ ಇದು ಮೊದಲ ಪ್ರಯೋಗ.

ಅದರ ಸತ್ವಪರೀಕ್ಷೆ ನಡೆದದ್ದು ಫ್ರಾನ್ಸಿನ ಲ ಮಾನ್‌ನಲ್ಲಿ. 1921ರ ಜುಲೈ 25ರಂದು ನಡೆದ ಫ್ರೆಂಚ್ ಗ್ರ್ಯಾನ್ ಪ್ರಿ ಸ್ಪರ್ಧೆಯ ರಸ್ತೆ ಕಲ್ಲು ಕಿತ್ತು ಹಾಳಾಗಿತ್ತು. ಅಭ್ಯಾಸದ ವೇಳೆ ಗಾಯಗೊಂಡಿದ್ದ ಜಿಮ್ಮಿ ಮರ್ಫಿ ಎದೆಗೆ ಪಟ್ಟಿ ಬಿಗಿದುಕೊಂಡೇ ಡ್ಯೂಸೆನ್‌ಬರ್ಗ್ ಕಾರನ್ನೇರಿದರು. ತಿರುವುಗಳಲ್ಲಿ ಎದುರಾಳಿಗಳಿಗಿಂತ ತಡವಾಗಿ ಬ್ರೇಕ್ ಒತ್ತಿಯೂ ಕಾರನ್ನು ಹಿಡಿತದಲ್ಲಿಡಲು ಅವರಿಗೆ ಸಾಧ್ಯವಾಯಿತು. ಗೆಲುವು ಅವರದಾಯಿತು. ಅಮೆರಿಕನ್ ಚಾಲಕನೊಬ್ಬ ಅಮೆರಿಕನ್ ಕಾರಿನಲ್ಲಿ ಗ್ರ್ಯಾನ್ ಪ್ರಿ ಗೆದ್ದದ್ದು ಅದೇ ಮೊದಲು.

ಆದರೆ ಹೊಸ ಚಿಕಿತ್ಸೆಯೊಡನೆ ಹೊಸ ಕಾಯಿಲೆಗಳೂ ಬಂದವು. ಸರಳು ಸಡಿಲವಾದರೆ ಕಣ್ಣಿಗೆ ಕಾಣುತ್ತದೆ; ಕೊಳವೆಯೊಳಗಿನ ದೋಷ ಕಾಣುವುದಿಲ್ಲ. ಅದನ್ನು ತಿಳಿಸುವುದು ಪೆಡಲ್ ಒಂದೇ. ಒತ್ತಿದಾಗ ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆ ಎಂದರ್ಥ. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಒತ್ತಿ ಹಿಡಿದ ಪೆಡಲ್ ನಿಧಾನವಾಗಿ ಕೆಳಗಿಳಿದರೆ ಎಲ್ಲೋ ಸೋರಿಕೆಯಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನೊಳಗಿನ ವಾಷರ್ ಸವೆದಿದೆ. ಎರಡು ಮೂರು ಬಾರಿ ತುಳಿದ ಮೇಲೆ ಮೇಲೇರಿ ಗಟ್ಟಿಯಾಗಿ ನಿಂತರೆ ಬ್ರೇಕ್ ಪಟ್ಟಿಗಳು ಡ್ರಮ್ಮಿನಿಂದ ದೂರ ಸರಿದಿವೆ. ಆರಂಭದ ಹೈಡ್ರಾಲಿಕ್ ಬ್ರೇಕುಗಳಿಗೆ ಸೋರಿಕೆಯೇ ದೊಡ್ಡ ಶತ್ರು. 1924ರಲ್ಲಿ ಕ್ರೈಸ್ಲರ್ ಈ ವ್ಯವಸ್ಥೆಯನ್ನು ಮಧ್ಯಮ ಬೆಲೆಯ ಕಾರಿಗೆ ತಂದಾಗ, ಚರ್ಮದ ವಾಷರ್ ಬದಲು ರಬ್ಬರಿನದನ್ನು ಹಾಕಿ ಅದನ್ನು ಹತೋಟಿಗೆ ತಂದಿತು. ಫೋರ್ಡ್ ಕಾರುಗಳಿಗೆ ಹೈಡ್ರಾಲಿಕ್ ಬ್ರೇಕ್ ಬರಲು 1939ರವರೆಗೆ ಕಾಯಬೇಕಾಯಿತು.

ಫ್ರೆಡ್ ಅವರಿಗೆ ಯಂತ್ರ ಒಲಿದಷ್ಟು ವ್ಯಾಪಾರ ಒಲಿಯಲಿಲ್ಲ. ದುಬಾರಿ ‘ಮಾಡೆಲ್ ಎ’ ಸುಮಾರು 650ರಷ್ಟು ಮಾತ್ರ ತಯಾರಾಯಿತು. 1924ರಲ್ಲಿ ಕಂಪನಿ ದಿವಾಳಿಯಂಚಿಗೆ ಬಂತು. 1926ರಲ್ಲಿ ಉದ್ಯಮಿ ಇ. ಎಲ್. ಕಾರ್ಡ್ ಅದನ್ನು ಕೊಂಡು, ಜಗತ್ತಿನಲ್ಲೇ ಶ್ರೇಷ್ಠವಾದ ಕಾರು ರೂಪಿಸುವ ಹೊಣೆಯನ್ನು ಫ್ರೆಡ್ ಅವರಿಗೆ ವಹಿಸಿದರು. ಸ್ವಂತ ಹೆಸರಿನ ಕಂಪನಿಯಲ್ಲೇ ಸಂಬಳದ ತಂತ್ರಜ್ಞರಾಗಿ ಅವರು ದುಡಿದರು. 1928ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ‘ಮಾಡೆಲ್ ಜೆ’ ಅನಾವರಣಗೊಂಡಿತು. ಶಕ್ತಿ 265 ಅಶ್ವಬಲ. ಮೈಕಟ್ಟಿಲ್ಲದ ಚಾಸಿಗೇ 8,500 ಡಾಲರ್. ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರ್ ಅವರಂಥ ಸಿರಿವಂತರು ಮುಂದೆ ಇದೇ ಮಾದರಿಯ ಕಾರಿಗೆ ಮಾರುಹೋದರು.

ಆ ಕಾರಿನ ಚಾಲಕನೆದುರಿನ ಫಲಕದಲ್ಲಿ ಬ್ರೇಕಿನ ಒತ್ತಡ ತೋರಿಸುವ ಮಾಪಕವೊಂದಿತ್ತು. ಎಣ್ಣೆ ಬದಲಿಸುವ ಮತ್ತು ಬ್ಯಾಟರಿ ನೋಡಿಕೊಳ್ಳುವ ಸಮಯ ಬಂದಾಗ ದೀಪಗಳು ಬೆಳಗುತ್ತಿದ್ದವು. ಪಾದಕ್ಕೆ ಮಾತ್ರ ತಿಳಿಯುತ್ತಿದ್ದ ಲಕ್ಷಣವನ್ನು ಫ್ರೆಡ್ ಕಣ್ಣಿಗೂ ಕಾಣಿಸಿದ್ದರು. ಮುಂದೆ ಎಂಜಿನ್ನಿನ ನಿರ್ವಾತದಿಂದ ನಡೆಯುವ ಬೂಸ್ಟರ್ ಕೂಡ ಸೇರಿ, ಎರಡು ಟನ್ನಿಗೂ ಮೀರಿದ ಕಾರನ್ನು ಹಗುರ ಒತ್ತಡದಿಂದ ನಿಲ್ಲಿಸುವುದು ಸಾಧ್ಯವಾಯಿತು. ಅಂಥ ಕಾರಿನ ಪೆಡಲ್ ಕಲ್ಲಿನಂತೆ ಗಟ್ಟಿಯಾದರೆ ಮೆಕ್ಯಾನಿಕ್ ಮೊದಲು ನೋಡಬೇಕಾದದ್ದು ದ್ರವವನ್ನಲ್ಲ, ಬೂಸ್ಟರಿನ ಕೊಳವೆಯನ್ನು.

1932ರ ಜುಲೈ 2ರಂದು ಫ್ರೆಡ್ ನ್ಯೂಯಾರ್ಕಿನಿಂದ ಮನೆಯತ್ತ ಹೊರಟಿದ್ದರು. ಪೆನ್ಸಿಲ್ವೇನಿಯಾದ ಬೆಟ್ಟದ ಹಾದಿಯಲ್ಲಿ ಒದ್ದೆ ರಸ್ತೆಯ ಮೇಲೆ ಕಾರು ಜಾರಿ ಉರುಳಿತು. ಚೇತರಿಸಿಕೊಳ್ಳುತ್ತಿರುವಂತೆ ಕಂಡರೂ ನ್ಯುಮೋನಿಯಾ ತಗುಲಿ, ಜುಲೈ 26ರಂದು 55ನೇ ವಯಸ್ಸಿನಲ್ಲಿ ಅವರು ಕೊನೆಯುಸಿರೆಳೆದರು. ಬ್ರೇಕ್ ಚಕ್ರವನ್ನು ಹಿಡಿಯಬಲ್ಲದು; ರಸ್ತೆಯನ್ನು ಹಿಡಿಯಬೇಕಾದದ್ದು ಟೈರು. ಆರ್ಥಿಕ ಮುಗ್ಗಟ್ಟಿನ ನಡುವೆ 1937ರಲ್ಲಿ ಕಂಪನಿಯೂ ಮುಚ್ಚಿತು.

ಉಳಿದ ಡ್ಯೂಸೆನ್‌ಬರ್ಗ್ ಕಾರುಗಳು ಇಂಡಿಯಾನಾದ ಆಬರ್ನ್ ವಸ್ತುಸಂಗ್ರಹಾಲಯದಲ್ಲೂ ಸಂಗ್ರಾಹಕರ ಮನೆಗಳಲ್ಲೂ ಇವೆ. ಅವುಗಳನ್ನು ಮತ್ತೆ ರಸ್ತೆಗಿಳಿಸುವ ಮುನ್ನ ಪರಿಣತರು ಮೊದಲು ಬ್ರೇಕ್ ಪೆಡಲ್ ಒತ್ತಿ, ಅದು ಹೇಳುವುದನ್ನು ಗಮನಿಸುತ್ತಾರೆ. ಬೀದಿಯ ಗ್ಯಾರೇಜಿನಲ್ಲಿ ಸಾಧಾರಣ ಕಾರನ್ನು ಪರೀಕ್ಷಿಸುವ ಮೆಕ್ಯಾನಿಕ್ ಮಾಡುವುದೂ ಅದನ್ನೇ. ಫ್ರೆಡ್ ಡ್ಯೂಸೆನ್‌ಬರ್ಗ್ ಬಿಟ್ಟುಹೋದ ನಿಜವಾದ ಆಸ್ತಿ ಇದು.